ನೀಲಿ ಚೀಟಿಯ ಪ್ರಮಾಣಪತ್ರ

ಹಳೆಯ ಆಲ್ಬಮ್ಮಿನ ಒಂದೇ ಪುಟದಲ್ಲಿ ನೀಲಿ ಅಂಚೆಚೀಟಿಯೂ ಕೆಂಪು ಅಂಚೆಚೀಟಿಯೂ ನಲವತ್ತು ವರ್ಷ ಅಕ್ಕತಂಗಿಯರಂತೆ ಬಾಳಿದವು. ಎರಡೂ ಬಲು ಅಪರೂಪದವೆಂದು ಮನೆಯವರೆಲ್ಲ ನಂಬಿದ್ದರು. ಆದರೂ ನೀಲಿಗೆ ಸಮಾಧಾನವಿರಲಿಲ್ಲ.

"ಅಕ್ಕಾ, ತಜ್ಞರ ಹತ್ತಿರ ಹೋಗಿ ಅಸಲಿ ಎಂದು ಬರೆಸಿಕೊಂಡು ಬರೋಣ" ಎಂದು ದಿನವೂ ಪೀಡಿಸುತ್ತಿತ್ತು.

"ನಮ್ಮನ್ನು ಯಾರೂ ಮಾರುತ್ತಿಲ್ಲ, ಯಾರೂ ಅನುಮಾನಿಸಿಲ್ಲ. ಅಂಥ ಹೊತ್ತು ಬಂದಾಗ ಹೋದರಾಯಿತು, ತಂಗಿ" ಎಂದಿತು ಕೆಂಪು.

"ನಿನಗೇನು, ಭಯವೇ?"

ಆ ಮಾತಿಗೆ ನೊಂದುಕೊಂಡ ಕೆಂಪು ಜೊತೆಗೆ ಹೊರಟಿತು.

ತಜ್ಞರ ಮೇಜಿನ ಮೇಲಿದ್ದ ಭೂತಗನ್ನಡಿ ಎರಡನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿ, "ನೀಲಿ ಅಸಲಿ, ಕೆಂಪು ನಕಲಿ" ಎಂದಿತು. ನೀಲಿಗೆ ಪ್ರಮಾಣಪತ್ರ ಸಿಕ್ಕಿತು. ಕೆಂಪಿನ ಬೆನ್ನ ಮೇಲೆ 'ನಕಲಿ' ಎಂಬ ಕಪ್ಪು ಮುದ್ರೆ ಬಿತ್ತು.

"ನನ್ನ ಪತ್ರ ಹಿಂದಕ್ಕೆ ತೆಗೆದುಕೊಳ್ಳಿ, ಅಕ್ಕನ ಮುದ್ರೆ ಅಳಿಸಿಬಿಡಿ" ಎಂದು ನೀಲಿ ಗೋಗರೆಯಿತು.

"ಕೇಳಿದವರು ನೀವೇ, ತಾಯಿ. ಕಂಡದ್ದನ್ನು ಕಾಣಲಿಲ್ಲ ಎಂದು ನಾನು ಹೇಗೆ ಹೇಳಲಿ?" ಎಂದಿತು ಭೂತಗನ್ನಡಿ.

ಮನೆಯವರು ನೀಲಿಯನ್ನು ಗಾಜಿನ ಚೌಕಟ್ಟಿನೊಳಗಿಟ್ಟು ಗೋಡೆಗೆ ತೂಗುಹಾಕಿದರು. ಕೆಂಪನ್ನು ಎಲ್ಲಿಗೆ ಒಯ್ದರೋ ತಿಳಿಯಲಿಲ್ಲ. ಅಂದಿನಿಂದ ನೋಡಬಂದವರನ್ನೆಲ್ಲ ನೀಲಿ, "ನಮ್ಮಕ್ಕನನ್ನು ಎಲ್ಲಾದರೂ ಕಂಡಿರಾ?" ಎಂದು ಕೇಳುತ್ತದೆ. ಅವರು ಪ್ರಮಾಣಪತ್ರವನ್ನು ಓದಿ, ತಲೆದೂಗಿ, ಹೊರಟುಹೋಗುತ್ತಾರೆ.