ಒಳಗೆ ಉಳಿದ ಐದು ಲೀಟರ್

ಇದು ನಡೆದದ್ದು ಮಾಘ ಮಾಸದಲ್ಲಿ, ಒಂದು ಬುಧವಾರದಿಂದ ಶನಿವಾರದವರೆಗೆ.

ಮಲಪ್ರಭೆಯ ದಂಡೆಯ ಮೇಲೆ ಗುರುಪಾದಯ್ಯಜ್ಜನವರ ಆಶ್ರಮ. ಅಲ್ಲಿ ಒಂದು ಹಳೆಯ ಲಾರಿ. ಗೇರು ತಾನಾಗಿಯೇ ಬದಲಾಗುವ ಲಾರಿ. ಗಣಿಯ ಭಕ್ತರೊಬ್ಬರು ಕೊಟ್ಟದ್ದು. ಅದನ್ನು ನೋಡಿಕೊಳ್ಳುವವನು ಶಿಷ್ಯ ಚನ್ನವೀರ.

ಬುಧವಾರ ಬೆಳಿಗ್ಗೆ ಅಜ್ಜ ಅವನನ್ನು ಕರೆದರು.

"ನಿಮ್ಮೂರು ಯರಗುಂಟಿಯವರು ನಮ್ಮ ಅಡಗಿಮನಿಗೆ ಜ್ವಾಳ ಕೂಡಿಸ್ಯಾರ. ನಿಮ್ಮಣ್ಣನ ಕಣದಾಗ ಐತಂತ. ಹೇರಿಕೊಂಡು ಹೋಗಾಕ ತಮ್ಮನ ಬರಲಿ ಅಂತ ಅವನ ಹೇಳಿ ಕಳಿಸ್ಯಾನ."

ಚನ್ನವೀರ ಅಣ್ಣನನ್ನು ನೋಡಿ ನಾಲ್ಕು ವರ್ಷವಾಗಿತ್ತು. ಅದೇ ಕಣದಲ್ಲಿ, ಆಳುಗಳ ಎದುರು, ಅವನು ಅಣ್ಣನ ಕೆನ್ನೆಗೆ ಹೊಡೆದಿದ್ದ. ಆ ಸಂಜೆಯೇ ಊರು ಬಿಟ್ಟು ಆಶ್ರಮಕ್ಕೆ ಬಂದಿದ್ದ.

ಅಣ್ಣ ಹೇಳಿಕಳಿಸಿದ್ದು ಇದೇ ಮೊದಲು.

"ಗೇರ್ ಬಾಕ್ಸಿನ ಆಯಿಲ್ ಕೆಟ್ಟೈತ್ರಿ ಅಜ್ಜಾರ," ಎಂದ ಚನ್ನವೀರ. "ಬದಲಿ ಮಾಡಿ ಹೋಗ್ತೀನ್ರಿ."

"ಮಾಡು. ಲಗೂ ಮಾಡು."

ಚನ್ನವೀರ ಲಾರಿಯ ಕೆಳಗೆ ಹೋದ. ಗೇರ್ ಬಾಕ್ಸಿನ ತಳಕ್ಕೆ ತಟ್ಟೆಯಂತೆ ಕೂತಿದ್ದ ಪ್ಯಾನಿನ ಬೋಲ್ಟುಗಳನ್ನು ಸಡಿಲಿಸಿ, ಒಂದು ಬದಿಗೆ ವಾಲಿಸಿದ. ಸುಟ್ಟ ವಾಸನೆಯ ಕಂದು ಆಯಿಲ್ ಅರ್ಧ ಬೋಗುಣಿಗೆ ಇಳಿಯಿತು, ಅರ್ಧ ಅವನ ತೋಳಿನ ಮೇಲೆ.

ಆಯಿಲ್ ಸೋರದಂತೆ ನಡುವೆ ಇಡುವ ತೆಳು ಪಟ್ಟಿ, ಹಳೆಯ ಗ್ಯಾಸ್ಕೆಟ್, ಅಂಚಿಗೆ ಅಂಟಿಕೊಂಡಿತ್ತು. ಗೀರು ಬೀಳದಂತೆ ಮರದ ಚಕ್ಕೆಯಿಂದ ಕೆರೆದು ತೆಗೆದ. ಪ್ಯಾನ್ ತೊಳೆದು ಒರೆಸಿದ. ಹೊಸ ಗ್ಯಾಸ್ಕೆಟ್ ಇಟ್ಟು, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದ.

ಬೋಗುಣಿಗೆ ಇಳಿದದ್ದನ್ನು ಅಳೆದು, ಚೆಲ್ಲಿದ್ದನ್ನು ಅಂದಾಜು ಮಾಡಿ, ಲೆಕ್ಕ ಹಾಕಿದ. ನಾಲ್ಕು ಲೀಟರ್. ಅಷ್ಟೇ ಹೊಸ ಕೆಂಪು ಆಯಿಲ್ ಹಾಕಿದ. ಹೊಳೆಯ ದಂಡೆಗುಂಟ ಒಂದಿಷ್ಟು ದೂರ ಓಡಿಸಿ ತಂದ.

"ಹೆಂಗೈತಿ?" ಎಂದರು ಅಜ್ಜ.

"ಗೇರು ಬೆಣ್ಣಿ ಹಂಗ ಬೀಳ್ತಾವ್ರಿ."

"ಹಂಗಾದ್ರ ಹೊಂಡು."

"ಇಲ್ರಿ. ಅದು ಹಿಡಿಯೂದು ಒಂಬತ್ತು ಲೀಟರ್. ಇಳಿದದ್ದು ನಾಕು. ಉಳಿದ ಐದು ಮುಂದಿನ ಮುಚ್ಚಿದ ಭಾಗದಾಗ ನಿಂತೈತಿ. ಪ್ಯಾನ್ ಬಿಚ್ಚಿದರೂ ಅದು ಇಳಿಯಂಗಿಲ್ಲ. ಹೊಸದರ ಕೂಡ ಬೆರೆತು, ನೂರಕ್ಕ ಐವತ್ತಾರು ಪಾಲು ಹಳೇದ ಐತ್ರಿ."

"ಲಾರಿ ಓಡತೈತೋ ಇಲ್ಲೋ?"

"ಓಡತೈತ್ರಿ."

"ಮತ್ತ?"

"ಪೂರ್ತಿ ಹೊಸದಾಗಲಿ, ಹೋಗ್ತೀನ್ರಿ."

ಗುರುವಾರ ಮತ್ತೆ ಪ್ಯಾನ್ ಬಿಚ್ಚಿದ. ಕೆರೆದ, ತೊಳೆದ, ಹೊಸ ಗ್ಯಾಸ್ಕೆಟ್ ಇಟ್ಟ, ಬಿಗಿದ. ನಾಲ್ಕು ಲೀಟರ್ ಇಳಿಯಿತು, ನಾಲ್ಕು ಲೀಟರ್ ಹೋಯಿತು.

"ಈಗ ಹಳೇದು ಮೂವತ್ತೊಂದು ಪಾಲು," ಎಂದು ತಾನಾಗಿಯೇ ಬಂದು ಹೇಳಿದ.

ಅಜ್ಜ ಹಣೆ ಒತ್ತಿಕೊಂಡರು. "ನಾ ಕೇಳಿದೆನೇನು?"

ಶುಕ್ರವಾರ ಅವನು ಮತ್ತೆ ಲಾರಿಯ ಕೆಳಗೆ ಮಲಗಿದ್ದಾಗ ಅಡುಗೆಯ ಕಾಶವ್ವ ಬಂದಳು. ಅವನ ಹೊರಚಾಚಿದ ಕಾಲುಗಳನ್ನು ನೋಡಿದಳು. ಅಜ್ಜನವರ ಕಡೆ ತಿರುಗಿದಳು.

"ಹಿಟ್ಟು ನಾಳೆ ಮಧ್ಯಾಹ್ನಕ್ಕ ಮುಗೀತೈತ್ರಿ. ನಾಡಿದ್ದು ಈ ಆಯಿಲಿನಾಗ ರೊಟ್ಟಿ ಬಡೀಲೇನ್ರಿ?"

"ಅವನ್ನ ಕೇಳವ್ವ."

"ಏನೋ ತಮ್ಮಾ, ಬಡೀಲೇನು?"

"ಹದಿನೇಳು ಪಾಲಿಗೆ ಬಂದೈತಿ ಕಾಶವ್ವ! ಒಂದೀಟು ತಡಿ!"

"ಹದಿನೇಳು ಪಾಲು ಯಾರ ಹೊಟ್ಟಿ ತುಂಬತೈತೋ?"

ಅಜ್ಜ ನಕ್ಕರು. ಆ ನಗು ಕೆಳಗಿದ್ದವನಿಗೆ ಕೇಳಿಸಿತು. ಅವನು ತುಟಿ ಕಚ್ಚಿ, ಒಂದೊಂದು ಬೋಲ್ಟಿಗೂ ಇನ್ನೊಂದು ಸುತ್ತು ಕೊಟ್ಟ. ಪಾನಾ ಕಿರುಗುಟ್ಟಿತು.

ಶನಿವಾರ ಬೆಳಿಗ್ಗೆ ಲಾರಿಯ ಕೆಳಗೆ ಪರಾತದಷ್ಟು ಅಗಲದ ಕೆಂಪು ಕಲೆ. ಪ್ಯಾನಿನ ಅಂಚು ಬಾಗಿತ್ತು. ಗ್ಯಾಸ್ಕೆಟ್ ಜಜ್ಜಿ ಹೊರಗೆ ಬಂದಿತ್ತು.

ಅಜ್ಜ ಬಗ್ಗಿ ನೋಡಿದರು.

"ಬುಧವಾರ ಸೋರತಿತ್ತೇನು?"

"ಇಲ್ರಿ."

"ಈಗ ಯಾಕ ಸೋರತೈತಿ?"

"ಸಿಟ್ಟಿನಾಗ ಭಾಳ ಬಿಗಿದೆ ರಿ."

"ಗ್ಯಾಸ್ಕೆಟ್ ಎಷ್ಟು ಉಳಿದಾವು?"

"ಒಂದ ರಿ."



ಚನ್ನವೀರ ಪ್ಯಾನ್ ಬಿಚ್ಚಿದ. ಅಂಚನ್ನು ಕಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಸಮ ಮಾಡಿದ. ಕೊನೆಯ ಗ್ಯಾಸ್ಕೆಟ್ ಇಟ್ಟ. ಬೋಲ್ಟುಗಳನ್ನು ಮೊದಲು ಬೆರಳಿನಿಂದ ತಿರುಗಿಸಿದ, ಆಮೇಲೆ ಪಾನಾದಿಂದ, ಮೊದಲ ದಿನದ ಹಾಗೆ. ಆಯಿಲ್ ತುಂಬಿಸಿ, ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ಮತ್ತೆ ಕೆಳಗೆ ಮಲಗಿ ನೋಡಿದ. ಅಂಚಿನ ಸುತ್ತ ಬೆರಳಾಡಿಸಿದ. ಬೆರಳಿಗೆ ಆಯಿಲ್ ಅಂಟಲಿಲ್ಲ.

ಮೇಲೆ ಬಾಗಿಲು ಹಾಕಿದ ಸದ್ದಾಯಿತು. ಎಂಬತ್ತರ ಅಜ್ಜ ಲಾರಿ ಹತ್ತಿ, ಮುಂದಿನ ಸೀಟಿನಲ್ಲಿ ಕೋಲು ಹಿಡಿದು ಕುಳಿತಿದ್ದರು.

"ಇಳೀರಿ ಅಜ್ಜಾರ," ಎಂದ ಚನ್ನವೀರ ಕೆಳಗಿನಿಂದಲೇ. "ಪ್ಯಾಟಿಗೆ ಹೋಗಿ ಇನ್ನೊಂದು ಗ್ಯಾಸ್ಕೆಟ್ ತರ್ತೀನಿ. ಇನ್ನೊಂದ ಸಲ ಮಾಡಿದರ—"

"ನಾ ಇಳಿಯೂದಿಲ್ಲ. ಹಳೇದು ಈಗ ಎಷ್ಟೈತಿ?"

"ನೂರಕ್ಕ ಒಂಬತ್ತೂವರಿ."

"ಇನ್ನೊಂದ ಸಲ ಮಾಡಿದರ?"

"ಐದರ ಮ್ಯಾಲ ಚೂರು."

"ಅದರ ಮುಂದಿನ ಸಲ?"

"ಮೂರರ ಹತ್ರ."

"ಪೂರ್ತಿ ಯಾವಾಗ ಹೋಗತೈತಿ?"

ಚನ್ನವೀರ ಪಾನಾ ನೆಲಕ್ಕಿಟ್ಟ.

"ಹೋಗೂದಿಲ್ರಿ," ಎಂದ. "ಲೆಕ್ಕದ ಪ್ರಕಾರ ಎಂದೂ ಪೂರ್ತಿ ಹೋಗೂದಿಲ್ಲ."

"ಇದು ಬುಧವಾರ ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಅಯ್ಯೋ ಮಾರಾಯಾ!" ಅಜ್ಜ ಕೋಲಿನಿಂದ ಲಾರಿಯ ನೆಲ ಕುಟ್ಟಿದರು. ಚನ್ನವೀರನ ಮುಖದ ಮೇಲೆ ಧೂಳು ಉದುರಿತು. "ನಾಕು ವರ್ಷದಿಂದ ನನ್ನ ಮುಂದೂ ಇದ ಹಾಡು. ಈ ಶ್ರಾವಣ ಕಳೀಲಿ, ಈ ಶಿವರಾತ್ರಿ ಕಳೀಲಿ, ಸಿಟ್ಟು ಪೂರ್ತಿ ಹೋಗಲಿ, ಆಮ್ಯಾಲ ಅಣ್ಣನ ಕಡೆ ಹೋಗ್ತೀನಿ. ಕೇಳಿ ಕೇಳಿ ನನ್ನ ಕಿವಿ ಸವದಾವು."

ಚನ್ನವೀರ ಹೊರಗೆ ಬಂದ. ಮುಖ ಒರೆಸಿಕೊಂಡ. ಕೈ ಒರೆಸಿಕೊಂಡ. ಕೈಯನ್ನೇ ನೋಡುತ್ತ ನಿಂತ.

"ಅಜ್ಜಾರ, ಅವನ ಎದುರಿಗೆ ನಿಂತಾಗ ಮತ್ತ ಈ ಕೈ ಎದ್ದರ?"

"ಎದುರಿಗೆ ನಿಲ್ಲು ಅಂತ ಯಾರು ಹೇಳ್ಯಾರ? ಚೀಲ ಹೇರು ಅಂತ ಹೇಳೇನಿ. ಒಂದು ತುದಿ ನಿಮ್ಮಣ್ಣ ಹಿಡೀತಾನ, ಇನ್ನೊಂದು ತುದಿ ನೀ ಹಿಡಿ."

ಚನ್ನವೀರ ಲಾರಿ ಹತ್ತಿದ. ಇಂಜಿನ್ ಚಾಲೂ ಮಾಡಿದ. ಗೇರಿಗೆ ಕೈ ಹಾಕಿ, ಹಾಗೇ ನಿಲ್ಲಿಸಿದ.

"ಚೀಲ ಎಲ್ಲಾ ಹೇರಿದ ಮ್ಯಾಲ ಏನು ಮಾಡ್ಲಿರಿ?"

"ಮೊದಲು ಹೇರು."

"ಎಷ್ಟು ಅದಾವಂತ್ರಿ?"

"ಅರವತ್ತೆರಡು."

ಚನ್ನವೀರ ಗೇರು ಹಾಕಿದ.