ಅಜ್ಜನವರು ಕಡಿದ ಸಾಲುಮರ

ಕರೇಗುಡ್ಡದ ಊರಬಾಗಿಲಿನಿಂದ ಸಂತೆಯ ದಾರಿ ಕೂಡುವವರೆಗೆ ಒಂದು ಕಾಲದಲ್ಲಿ ನಿಲ್ಲಲು ಹಿಡಿಯಷ್ಟು ನೆರಳಿರಲಿಲ್ಲ. ಆ ದಾರಿಯ ಪಕ್ಕ ತಗಡಿನ ಗುಡಿಸಲಲ್ಲಿ ವಾಸವಾಗಿದ್ದ ಪೂಜ್ಯ ಪಂಪಯ್ಯ ಅಜ್ಜನವರು ತಾವೇ ಗುಂಡಿ ತೋಡಿ, ಕೊಡ ಹೊತ್ತು ನೀರೆರೆದು ಇಪ್ಪತ್ತೆರಡು ಗುಲ್‌ಮೊಹರ್ ಮರಗಳನ್ನು ಬೆಳೆಸಿದರು. ಆರೇಳು ವರ್ಷಗಳಲ್ಲಿ ದಾರಿಯ ತುಂಬ ನೆರಳು ಹರಡಿತು. ಬೇಸಿಗೆಯಲ್ಲಿ ಸಾಲಿಗೆ ಸಾಲೇ ಕೆಂಪಗೆ ಹೂಬಿಡುತ್ತಿತ್ತು. ಭಕ್ತರು ಆ ಮರಗಳಿಗೂ ವಿಭೂತಿ ಹಚ್ಚಿ ಕೈಮುಗಿಯತೊಡಗಿದರು.

ಶ್ರಾವಣದ ಒಂದು ಸಂಜೆ ಗಾಳಿಗೆ ಆ ಸಾಲಿನ ಮರವೊಂದು ಬೇರುಸಹಿತ ಉರುಳಿ ಫಕೀರವ್ವನ ಮಗ ದ್ಯಾಮಣ್ಣನನ್ನು ಕೊಂದಿತು. ಕಂಬಳಿ ನೇಯುವವ ಅವನು. ಸಂತೆಯಿಂದ ಮರಳುವಾಗ ಮಳೆ ಬಂತೆಂದು ಮರದಡಿ ನಿಂತಿದ್ದ, ಅಷ್ಟೇ. ವಿಧವೆ ಫಕೀರವ್ವನಿಗೆ ಇದ್ದದ್ದು ಅವನೊಬ್ಬನೇ.

ಸಮಾಧಾನ ಹೇಳಲು ಬಂದ, ಅಜ್ಜನವರ ಭಕ್ತರಾದ ಶಿವನಗೌಡರು, “ಅಜ್ಜಾರ ಗಿಡದ ಕೆಳಗ ಜೀವ ಬಿಟ್ಟಾನ. ಪುಣ್ಯವಂತ” ಎಂದರು. ಆ ಮಾತು ಅವಳ ಎದೆಗೆ ಕಾದ ಎಣ್ಣೆಯಂತೆ ಬಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಅವಳು ಗುಡಿಸಲಿನತ್ತ ನಡೆದಳು. ಅಜ್ಜನವರು ಉರುಳಿದ ಮರದ ಗುಂಡಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಬೇರುಗಳನ್ನು ಸವರಿ ನೋಡುತ್ತಿದ್ದರು.

“ಎಲ್ಲಾರೂ ನನ್ನ ಮಗನ ಹಣೆಬರಹ ಅಂತಾರ. ನೀನೂ ಹಂಗ ಅಂದುಬಿಡು, ಅಜ್ಜಾ. ಕೇಳಿ ಹೋಗತೀನಿ.”

ಅಜ್ಜನವರು ಎದ್ದು ನಿಂತರು.

“ಹಣೆಬರಹ ಅಲ್ಲವ್ವ. ಇಲ್ಲಿ ಗೇಣುದ್ದ ಮಣ್ಣು, ಅದರ ಕೆಳಗ ಬಂಡೆ. ಬೇರು ಇಳಿದಿಲ್ಲ. ಲಗೂನ ನೆರಳಾಗಲಿ ಅಂತ ಆಸೆಬಿದ್ದು ಈ ನೆಲಕ್ಕ ಒಗ್ಗದ ಗಿಡ ಹಚ್ಚಿದೆ. ತಪ್ಪು ನಂದು.”

ಜಗಳಕ್ಕೆಂದು ಬಂದವಳಿಗೆ ಜಗಳವಾಡಲು ಏನೂ ಉಳಿಯಲಿಲ್ಲ. ಮೂರು ದಿನದಿಂದ ಬಾರದಿದ್ದ ಅಳು ಒಮ್ಮೆಲೇ ಒತ್ತರಿಸಿ ಬಂತು. ಕೆಸರಲ್ಲೇ ಕುಳಿತು ಅತ್ತಳು. ಕಡೆಗೆ, “ಉಳಿದವು?” ಎಂದಳು.

“ಕಡಿತೀನಿ.”

ಮರುದಿನ ಅಜ್ಜನವರು ಕೊಡಲಿ ಹಿಡಿದಾಗ ಭಕ್ತರು ಅಡ್ಡ ನಿಂತರು. ಶಿವನಗೌಡರಂತೂ ಕಾಲಿಗೇ ಬಿದ್ದು, “ನಿಮ್ಮ ಕೈಯಾರೆ ಹಚ್ಚಿದ್ದು, ಅಜ್ಜಾರ, ಕಡೀಬ್ಯಾಡ್ರಿ” ಎಂದು ಗೋಗರೆದರು.

“ನಾ ಹಚ್ಚಿದ್ದು ಅಂತ ಅದು ಬೀಳೋದು ಬಿಡತೈತೇನು, ಗೌಡಾ?”

ಇಪ್ಪತ್ತೊಂದು ಮರ ಕಡಿಯಲು ಹನ್ನೊಂದು ದಿನ ಹಿಡಿಯಿತು. ದಾರಿ ಮತ್ತೆ ಬೋಳಾಯಿತು. ಮುನಿದ ಭಕ್ತರು ಗುಡಿಸಲಿಗೆ ಬರುವುದನ್ನೇ ಬಿಟ್ಟರು. ಎಪ್ಪತ್ತು ದಾಟಿದ ಅಜ್ಜನವರು ಬೇವು, ಹುಣಸೆಯ ಸಸಿಗಳನ್ನು ತಂದು, ಬಂಡೆಯಿಲ್ಲದ ಜಾಗ ಹುಡುಕುತ್ತ ಒಬ್ಬರೇ ನೆಲ ಅಗೆಯತೊಡಗಿದರು.

ಒಂದು ಮುಂಜಾನೆ ಫಕೀರವ್ವ ಹಾರೆ ಹಿಡಿದು ಬಂದಳು.

“ಗುಂಡಿ ನಾ ನೋಡತೀನಿ. ಆಳ ಇಲ್ಲದಿದ್ದರ ಹಚ್ಚಾಕ ಬಿಡಂಗಿಲ್ಲ.”

ಅಜ್ಜನವರು ಅವಳಿಗೆ ಕೈಮುಗಿದರು.

ಅಂದಿನಿಂದ ಅವಳು ಹಾರೆ ಇಳಿಸಿ ನೋಡದೆ ಒಂದು ಸಸಿಯೂ ನೆಲ ಸೇರಲಿಲ್ಲ. ಮುಳ್ಳುಬೇಲಿ ಕಟ್ಟಿದಳು, ನೀರು ಹೊತ್ತಳು, ಗಾಳಿ ಬೀಸಿದ ಮರುದಿನ ಒಂದೊಂದು ಸಸಿಯನ್ನೂ ಅಲುಗಾಡಿಸಿ ನೋಡಿದಳು. ಆದರೆ ಅಜ್ಜನವರ ಪಾದ ಮುಟ್ಟಲಿಲ್ಲ. ಅವರೂ ಕ್ಷಮೆ ಬೇಡಿ ಅವಳಿಗೆ ಭಾರವಾಗಲಿಲ್ಲ.

ನಾಲ್ಕು ವರ್ಷಗಳ ನಂತರ ಅಜ್ಜನವರು ಲಿಂಗೈಕ್ಯರಾದರು. ಬೇವುಗಳು ಆಗಿನ್ನೂ ಹೆಗಲೆತ್ತರ. ಬಿಟ್ಟುಹೋಗಿದ್ದ ಭಕ್ತರೆಲ್ಲ ಪುಣ್ಯಸ್ಮರಣೆಗೆ ಮರಳಿ ಬಂದರು. ಶಿವನಗೌಡರು ಎದ್ದು ನಿಂತು, ದ್ಯಾಮಣ್ಣನಿಗೆ ಮುಕ್ತಿ ಕೊಡಲೆಂದೇ ಅಜ್ಜನವರು ತಮ್ಮ ಸಂಕಲ್ಪದಿಂದ ಆ ಮರ ಉರುಳಿಸಿದರೆಂದು ಹೇಳಿದರು. ಸಭೆ ಜಯಘೋಷ ಮಾಡಿತು.

ಹಿಂದಿನ ಸಾಲಿನಿಂದ ಫಕೀರವ್ವ ಎದ್ದಳು.

“ಸುಳ್ಳು! ಅಜ್ಜಾರು ತಪ್ಪು ಮಾಡಿದರು. ಮಾಡೇನಿ ಅಂತ ನನ್ನ ಮುಂದ ನಿಂತು ಹೇಳಿದರು. ಈ ಊರಾಗ ಹಂಗ ಹೇಳಿದವರು ಅವರೊಬ್ಬರ. ಅದನ್ನ ಅವರಿಂದ ಕಸಗೋಬ್ಯಾಡ್ರಿ.”

ಅವಳು ಪ್ರಸಾದಕ್ಕೂ ನಿಲ್ಲದೆ, ಸುಡುಬಿಸಿಲಿನ ಆ ದಾರಿಯಲ್ಲಿ ನಡೆದು ಮನೆಗೆ ಹೋದಳು.