ಠಾಣೆಯಲ್ಲಿದ್ದ ರಿವಾಲ್ವರ್

"ಗುರುಗಳೇ, ನನ್ನ ಮಾತು ಗುರಿ ತಪ್ಪುವುದಿಲ್ಲ ಎಂದು ತಾವೇ ಹೊಗಳಿದ್ದಿರಿ. ಈಗ ಒಂದು ತಿಂಗಳು ಬಾಯಿ ತೆರೆಯಬೇಡ ಎನ್ನುತ್ತೀರಿ. ಒಳ್ಳೆಯ ಆಯುಧವನ್ನು ಯಾರಾದರೂ ಕಿತ್ತಿಡುತ್ತಾರೆಯೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಹಿಂದಿನ ದಿನ ಮಠದ ಸಭೆಯಲ್ಲಿ ಪ್ರಶ್ನೆ ಕೇಳಿದ ಮುದುಕರೊಬ್ಬರನ್ನು ಅವನು ಎಲ್ಲರೆದುರು ಕಪಟಿ ಎಂದು ಜರೆದಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಮುದುಕರು ಪ್ರಸಾದಕ್ಕೂ ನಿಲ್ಲದೆ ಹೊರಟುಹೋಗಿದ್ದರು.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬೆಳ್ಳಿ ವ್ಯಾಪಾರಿಯಿದ್ದ. ಸಂತೆಯ ದಿನ ಸ್ಕೂಟರಿನಲ್ಲಿ ಹೋಗಿ, ಸಂಜೆ ಬೆಳ್ಳಿಯ ಚೀಲದೊಂದಿಗೆ ಬಯಲ ದಾರಿಯಲ್ಲಿ ಒಬ್ಬನೇ ಮರಳುತ್ತಿದ್ದ. ಒಮ್ಮೆ ಅದೇ ದಾರಿಯಲ್ಲಿ ಅವನ ಗೆಳೆಯನನ್ನು ಕಳ್ಳರು ದೋಚಿದರು. ಅಂದಿನಿಂದ ವ್ಯಾಪಾರಿಗೆ ಅನ್ನ ಸೇರದಾಯಿತು. ಕಚೇರಿಗಳಿಗೆ ಅಲೆದಲೆದು ಲೈಸೆನ್ಸ್ ಪಡೆದ. ಬಂದೂಕಿನ ಅಂಗಡಿಗೆ ಹೋಗಿ, ಇರುವುದರಲ್ಲೇ ಒಳ್ಳೆಯ ರಿವಾಲ್ವರ್ ತೋರಿಸು ಎಂದ.

ಅಂಗಡಿಯವನು ಸುಳ್ಳು ಹೇಳಲಿಲ್ಲ. "ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತೈತ್ರಿ. ಎಲ್ಲಿಗೆ ಗುರಿ ಇಟ್ರಿ, ಗುಂಡು ಅಲ್ಲಿಗೇ ಹೋಗತೈತಿ" ಎಂದ.

ಹಾಗೆಯೇ ಇತ್ತು ಅದು. ಗುರಿ ಕಲಿಸುವ ಮೈದಾನದಲ್ಲಿ ವ್ಯಾಪಾರಿ ಎಷ್ಟು ಸಲ ಹೊಡೆದರೂ ಗುಂಡು ಅತ್ತಿತ್ತ ಸರಿಯಲಿಲ್ಲ. ಕೈ ತಾನಾಗಿಯೇ ಸೊಂಟಕ್ಕೆ ಹೋಗುವಷ್ಟು ಅಭ್ಯಾಸ ಮಾಡಿದ. ಎಣ್ಣೆ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅದನ್ನು ಎಷ್ಟು ಮುದ್ದಿನಿಂದ ನೋಡಿಕೊಂಡನೆಂದರೆ ಮದುವೆಯ ಹೊಸತರಲ್ಲಿ ಹೆಂಡತಿಗೂ ಆ ಭಾಗ್ಯ ಸಿಕ್ಕಿರಲಿಲ್ಲ. ಅವನಿಗೆ ಮತ್ತೆ ಹಸಿವಾಗತೊಡಗಿತು.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ಮತ ಎಣಿಕೆ ಮುಗಿಯುವವರೆಗೆ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕೆಂದು ಆದೇಶವಾಯಿತು. ವ್ಯಾಪಾರಿ ಠಾಣೆಗೆ ಹೋಗಿ ರೇಗಾಡಿದ. "ಎಲೆಕ್ಷನ್ ಅಂತ ಕಳ್ಳರೂ ರಜಾ ಹಾಕ್ಯಾರೇನ್ರೀ ಸಾಹೇಬ್ರ?" ಎಂದ. ಇನ್‌ಸ್ಪೆಕ್ಟರು ನಕ್ಕರು, ಆದರೆ ರಿವಾಲ್ವರನ್ನು ಒಳಗಿಟ್ಟು ಬೀಗ ಹಾಕಿದರು. ಅವರಿಗೆ ಹಿಡಿಶಾಪ ಹಾಕುತ್ತಲೇ ವ್ಯಾಪಾರಿ ಮನೆಗೆ ಬಂದ.

ಮುಂದಿನ ಸಂತೆಯ ದಿನ ಮಳೆಗಾಳಿ ಬೀಸಿ ನಿಂತಿತ್ತು. ವ್ಯಾಪಾರಿ ಮರಳಿ ಬರುವಾಗ, ದಾರಿಯ ತಿರುವಿನಲ್ಲಿ ಒಬ್ಬ ಮನುಷ್ಯ ಪೊದೆಯಿಂದ ಹಾರಿ ಅವನೆದುರು ಓಡಿಬಂದ. ಕೈಯಲ್ಲಿ ಕುಡುಗೋಲು. ಏನೋ ಅರಚುತ್ತಿದ್ದ. ಹೆಲ್ಮೆಟ್ ಹಾಕಿದ್ದ ವ್ಯಾಪಾರಿಗೆ ಮಾತು ತಿಳಿಯಲಿಲ್ಲ. ಬ್ರೇಕು ಹಿಡಿದ. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಸೊಂಟ ಬರಿದಾಗಿತ್ತು.

ಬೇರೆ ದಾರಿ ಕಾಣದೆ ಅವನು ಬೆಳ್ಳಿಯ ಚೀಲವನ್ನು ಮುಂದೆ ಚಾಚಿ, ಜೀವ ಒಂದು ಬಿಡು ಎಂದು ಬೇಡಿಕೊಂಡ.

ಆ ಮನುಷ್ಯ ಚೀಲವನ್ನು ಪಕ್ಕಕ್ಕೆ ತಳ್ಳಿ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ. "ನಿಮ್ಮ ಚೀಲ ತಗೊಂಡು ನಾ ಏನ್ ಮಾಡ್ಲಿ? ಮುಂದ ನೋಡ್ರೀ ಯಪ್ಪಾ!"

ತಿರುವಿನಾಚೆ ಕರೆಂಟಿನ ತಂತಿ ಹರಿದು ದಾರಿಗೆ ಅಡ್ಡಬಿದ್ದಿತ್ತು. ನೆಂದ ಮಣ್ಣಿನಲ್ಲಿ ಕಿಡಿ ಹಾರುತ್ತಿತ್ತು. ಅವನು ದನಕ್ಕೆ ಹುಲ್ಲು ಕೊಯ್ಯುತ್ತಿದ್ದವನು. ಸ್ಕೂಟರಿನ ಸದ್ದು ಕೇಳಿ, ಕೈಯಲ್ಲಿದ್ದದ್ದನ್ನು ಬಿಸಾಡಲೂ ಪುರಸೊತ್ತಿಲ್ಲದೆ ಓಡಿಬಂದಿದ್ದ.

ವ್ಯಾಪಾರಿ ದಾರಿಯ ಬದಿಯಲ್ಲಿ ಕುಸಿದು ಕುಳಿತ.

"ತಂತಿ ನೋಡಿ ಅಂಜಿದ್ರೇನ್ರೀ?" ಎಂದು ಹುಲ್ಲಿನವನು ಕೇಳಿದ.

"ತಂತಿಗಲ್ಲೋ ಯಪ್ಪಾ, ನನ್ನ ಕೈಗೆ ಅಂಜೀನಿ. ನಿನ್ನ ಹೆಸರೇನು?"

"ದುರ್ಗಪ್ಪ ರೀ."

ವ್ಯಾಪಾರಿ ಆ ಹೆಸರನ್ನು ಮತ್ತೊಮ್ಮೆ ಬಾಯಲ್ಲಿ ಹೇಳಿಕೊಂಡು ಅತ್ತ. ರಿವಾಲ್ವರ್ ಇದ್ದಿದ್ದರೆ ದುರ್ಗಪ್ಪ ಸಾಯುತ್ತಿದ್ದ. ಅವನನ್ನು ದಾಟಿ ಮುಂದೆ ಹೋಗಿ ತಾನೂ ಸಾಯುತ್ತಿದ್ದ. ಎರಡು ಮನೆಗಳಲ್ಲಿ ಆ ಸಂಜೆ ಒಲೆ ಉರಿಯುತ್ತಿರಲಿಲ್ಲ. ಅವನು ದುರ್ಗಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ದುರ್ಗಪ್ಪ ನಾಚಿ ಕೈ ಬಿಡಿಸಿಕೊಂಡ.

ಮರುದಿನ ವ್ಯಾಪಾರಿ ಪೇಡೆಯ ಪೊಟ್ಟಣ ಹಿಡಿದು ಠಾಣೆಗೆ ಹೋದ. ಎಣಿಕೆ ಇನ್ನೂ ಮುಗಿದಿಲ್ಲ, ರಿವಾಲ್ವರ್ ಈಗಲೇ ಸಿಗದು ಎಂದು ಇನ್‌ಸ್ಪೆಕ್ಟರು ಬಾಗಿಲಲ್ಲೇ ಹೇಳಿದರು. "ಕೇಳಾಕ ಬಂದಿಲ್ರೀ. ಅದನ್ನ ಇಟ್ಕೊಂಡ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಹೇಳಾಕ ಬಂದೀನಿ" ಎಂದು ವ್ಯಾಪಾರಿ ಕೈಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

"ಅಲ್ಲಿ ಬಂದವನು ದುರ್ಗಪ್ಪ, ಸರಿ. ನಿನ್ನೆಯ ಆ ಮುದುಕರು ನಿಜವಾಗಿಯೂ ಕಪಟಿಯೇ, ಗುರುಗಳೇ. ಎದುರಿಗೆ ಬಂದವನು ನಿಜವಾದ ಕಳ್ಳನೇ ಆಗಿದ್ದರೆ ಏನು ಮಾಡಬೇಕು?"

"ಸೊಂಟಕ್ಕೆ ಕೈ ಹಾಕಿದ ಗಳಿಗೆಯಲ್ಲಿ ಆ ವ್ಯಾಪಾರಿಗೂ ಅವನು ನಿಜವಾದ ಕಳ್ಳನೇ ಆಗಿದ್ದನಪ್ಪಾ" ಎಂದರು ಗುರುಗಳು.